ಮಂಡೆ ಬಿಸಿ ಇಳಿಯಲು ಎಷ್ಟು ಹೊತ್ತು? ನಾಡಿ ಪುಸ್ತಕದ ಲೆಕ್ಕ

ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಖಿನ್ನತೆಗೆ ಇಟ್ಟ ಹೆಸರು ‘ಉದಾಸೀನ’. ಅದೇ ಮನುಷ್ಯ ಸಣ್ಣ ಮಾತಿಗೆ ಸಿಡುಕಿದರೆ ‘ಮಂಡೆ ಬಿಸಿ’. ಒಂದಕ್ಕೆ ಬೈಗುಳ, ಇನ್ನೊಂದಕ್ಕೆ ಉಪದೇಶ. ಆಪ್ತಸಮಾಲೋಚನೆಗೆ ಬಂದವರಿಗೂ ಅವರ ಮನೆಯವರಿಗೂ ನಾನು ಮೊದಲು ಬಿಡಿಸಿ ಹೇಳುವುದು ಇದನ್ನೇ: ಹಾಸಿಗೆಯಿಂದ ಏಳಲಾಗದ ದೇಹದೊಳಗೂ ನರಮಂಡಲ ಓಡುತ್ತಲೇ ಇರಬಹುದು.

ಬಸ್ಸು ತಪ್ಪಿತು, ಸಂಘದ ಕಂತಿನ ದಿನ ಬಂತು. ಇಂಥ ಹೊತ್ತಿನಲ್ಲಿ ಯಾರಿಗಾದರೂ, ದೇಹವನ್ನು ಅಪಾಯಕ್ಕೆ ಸಜ್ಜು ಮಾಡುವ ಸಿಂಪಥೆಟಿಕ್ ನರಗಳು ಕೆಲವೇ ಸೆಕೆಂಡುಗಳಲ್ಲಿ ಎದೆಬಡಿತ ಏರಿಸಿ ರಕ್ತನಾಳಗಳನ್ನು ಬಿಗಿಯುತ್ತವೆ. ಬೆನ್ನಿಗೇ ಹೈಪೊಥಲಾಮಸ್, ಪಿಟ್ಯುಟರಿ, ಅಡ್ರಿನಲ್ ಗ್ರಂಥಿಗಳ ಸರಪಳಿಯಿಂದ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಹೊರಡುತ್ತದೆ. ಅದು ತುದಿ ಮುಟ್ಟುವುದು 20ರಿಂದ 30 ನಿಮಿಷಕ್ಕೆ. ಕಾರ್ಟಿಸೋಲ್ ಸಾಕಷ್ಟಾದಾಗ ಮಿದುಳೇ ಸರಪಳಿಗೆ ತಡೆ ಹಾಕಬೇಕು. ಖಿನ್ನತೆಯಿರುವ ಹಲವರಲ್ಲಿ ಆ ತಡೆ ಸಡಿಲ, ಎದೆಬಡಿತವನ್ನು ಇಳಿಸುವ ವೇಗಸ್ ನರದ ಹಿಡಿತವೂ ಕಮ್ಮಿ. ಹಾಗಾಗಿ ಒಂದು ಕಿರಿಕಿರಿ ಇಳಿಯುವ ಮೊದಲೇ ಇನ್ನೊಂದು ಹತ್ತಿಕೊಳ್ಳುತ್ತದೆ.

ಆದ್ದರಿಂದ ನಾನು ನೋಡುವುದು ನಾಡಿ ಎಷ್ಟು ಏರಿತೆಂದಲ್ಲ, ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂದು. ಅದಕ್ಕೆ ಕಿಸೆಗೆ ಹಿಡಿಯುವ ಒಂದು ಪುಸ್ತಕ ಸಾಕು. ಮೊದಲ ಮೂರು ದಿನ ಎದ್ದು ಐದು ನಿಮಿಷ ಕೂತು, ಕಾಫಿಗೆ ಮೊದಲು, ಪೂರ್ತಿ 60 ಸೆಕೆಂಡು ನಾಡಿ ಎಣಿಸಿ ಬರೆಯಬೇಕು. ಎದ್ದು 30-45 ನಿಮಿಷದಲ್ಲಿ ಕಾರ್ಟಿಸೋಲ್ ಸಹಜವಾಗಿಯೇ ಏರುವುದರಿಂದ ತಡ ಮಾಡಬಾರದು. ನಾಲ್ಕನೇ ದಿನದಿಂದ, ಮನಸ್ಸು ಕಲಕಿದಾಗ ಕೂತು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುವುದು. ಮತ್ತೆ 10, 20, 30ನೇ ನಿಮಿಷಕ್ಕೆ. ದಿನಕ್ಕೆ ಎರಡೇ ಸಲ, ಹೆಚ್ಚು ಬೇಡ.

ಒಂದು ಪುಟ ಹೀಗಿರುತ್ತದೆ: ‘8.10, ಎಕ್ಸ್‌ಪ್ರೆಸ್ ನಿಲ್ಲಿಸಲಿಲ್ಲ, 102. 8.20, 96. 8.30, 94. 8.40, 92. 8.45, ಆಫೀಸಿನ ಫೋನ್, 104.’ ಬೆಳಗ್ಗಿನ ಲೆಕ್ಕ 74. ಎಲ್ಲರ ಕಣ್ಣು ಹೋಗುವುದು 104ರ ಮೇಲೆ. ನಾನು ಗೆರೆ ಎಳೆಯುವುದು 92ರ ಕೆಳಗೆ. ಬಸ್ಸು ಹೋಗಿ ಅರ್ಧ ಗಂಟೆಯಾದರೂ ದೇಹದಲ್ಲಿ ಅದು ಮುಗಿದಿಲ್ಲ, ಫೋನು ಬಂದದ್ದು ಅದರ ಮೇಲೆ.

ಲೆಕ್ಕ ತಪ್ಪುವುದು ಸುಲಭ. ಹೆಬ್ಬೆರಳಿನಿಂದ ಎಣಿಸಿದರೆ ಅದರದ್ದೇ ಮಿಡಿತ ಸೇರುತ್ತದೆ. ತೋರು ಮತ್ತು ನಡುಬೆರಳು ಬಳಸಿ. ಏರು ಹತ್ತಿದ ಕೂಡಲೇ ಎಣಿಸಬಾರದು. ಏಪ್ರಿಲ್-ಮೇ ಸೆಕೆಯಲ್ಲಿ ಬೆವರಿ ನೀರು ಕಮ್ಮಿಯಾದರೂ ನಾಡಿ ಏರುತ್ತದೆ. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಗುಳಿಗೆ ತಕ್ಕೊಳ್ಳುವವರ ನಾಡಿ ಏರುವುದೇ ಕಮ್ಮಿ, ಖಿನ್ನತೆಯ ಗುಳಿಗೆ ಅಮಿಟ್ರಿಪ್ಟಿಲಿನ್ ಅದನ್ನು ಏರಿಸಬಹುದು. ಹಾಗೆಂದು ಗುಳಿಗೆ ಬಿಡಬೇಡಿ, ಪುಸ್ತಕದ ಮೊದಲ ಪುಟದಲ್ಲಿ ಅದರ ಹೆಸರು ಬರೆದಿಡಿ. ಸುಮ್ಮನೆ ಕೂತಾಗಲೂ 100 ದಾಟುತ್ತಿದ್ದರೆ ಥೈರಾಯ್ಡ್, ರಕ್ತಹೀನತೆ ಇದೆಯೇ ಎಂದು ವೈದ್ಯರು ನೋಡಬೇಕು. ಎಣಿಸುವುದೇ ಹೊಸ ಗಾಬರಿಯಾದವರಿಗೆ ಪುಸ್ತಕವನ್ನೇ ನಿಲ್ಲಿಸುತ್ತೇನೆ.

ಇಳಿಕೆಗೆ ನಾನು ಕಲಿಸುವುದು ನಿಧಾನದ ಉಸಿರು: 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ, ನಿಮಿಷಕ್ಕೆ ಆರು. ಮೊದಲ ವಾರ 5 ನಿಮಿಷ, ಆಮೇಲೆ 10. ಪ್ರಾಣಾಯಾಮ ಗೊತ್ತಿದ್ದವರೇ ಇಲ್ಲಿ ಹೆಚ್ಚು ಎಡವುತ್ತಾರೆ: ಎದೆ ತುಂಬ ಎಳೆಯುತ್ತಾರೆ, ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಉಸಿರು ಉದ್ದವಿರಲಿ, ದೊಡ್ಡದಾಗದಿರಲಿ. ಮುಂದಿಟ್ಟ ದೀಪದ ಕುಡಿ ಅಲುಗದಷ್ಟು. ಮಳೆಗಾಲದ ಶೀತಕ್ಕೆ ಮೂಗು ಕಟ್ಟಿದ್ದರೆ ತುಟಿ ಕಿರಿದು ಮಾಡಿ ಬಿಟ್ಟರಾಯಿತು. ಇದು ಔಷಧಿಗೂ ಮಾತಿನ ಚಿಕಿತ್ಸೆಗೂ ಬದಲಿಯಲ್ಲ. ಸಾಯುವ ಯೋಚನೆ ಬಂದರೆ ಪುಸ್ತಕ ಬದಿಗಿಟ್ಟು ಆಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕು. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಮನೆಯವರಿಗೆ ಒಂದೇ ಕೆಲಸ ಕೊಡುತ್ತೇನೆ. ಸಂಜೆ ಬಂದವರು ಕಾಲು ತೊಳೆದು ಕೂತು ನೀರೋ ಗಂಜಿಯೋ ಕುಡಿಯಲಿ. ಮೊದಲ 30 ನಿಮಿಷ ಕರೆಂಟ್ ಬಿಲ್ಲು, ಮಕ್ಕಳ ಮಾರ್ಕು, ‘ಯಾಕೆ ತಡ?’ ಯಾವುದೂ ಬೇಡ. ಮುಂದಿನ ವಾರ ಪುಸ್ತಕ ತಂದಾಗ ನಾನು ಮೊದಲು ತೆರೆಯುವುದು ಆ ಸಂಜೆಯ ಸಾಲುಗಳನ್ನೇ.