ಮಳೆ ಬಿಟ್ಟ ಮೇಲೆ ಹಾಸಿಗೆ ಸ್ವಚ್ಛ ಮಾಡುವುದು ಹೇಗೆ?

ಮಳೆ ಬಿಟ್ಟಿತು. ಅಂಗಳದ ಪಾಚಿ ಕೆರೆಸಿ ಅಡಿಕೆ ಹಾಕಲು ಜಾಗ ಮಾಡುವ ಸಮಯ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆ ಅಡಿಕೆ ಒಣಗಲು ಒಂದೂವರೆ ತಿಂಗಳ ಬಿಸಿಲು ಬೇಕು. ಅದರಲ್ಲಿ ಒಂದು ದಿನವನ್ನು ಮನೆಯ ಹಾಸಿಗೆಗೂ ಕೊಡಿ. ಜೂನ್‌ನಿಂದ ಮುಚ್ಚಿದ ಕಿಟಕಿ, ಮುರಕಲ್ಲಿನ ಗೋಡೆಯ ತೇವ, ನಮ್ಮ ಮೈ ಬೆವರು ಎಲ್ಲವನ್ನೂ ಹೀರಿಕೊಂಡು ಅದು ಮುಗ್ಗಲು ವಾಸನೆ ಹೊಡೆಯುತ್ತಿರುತ್ತದೆ, ಅಲ್ವಾ?

ಒಂದು ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ನಮ್ಮ ಮಗ ರಾತ್ರಿ ಹಾಸಿಗೆ ಒದ್ದೆ ಮಾಡಿದ. ನಾನು ಎರಡು ಚೊಂಬು ನೀರು ಸುರಿದು, ಸೋಪು ಹಾಕಿ ತಿಕ್ಕಿದೆ. ಎರಡು ದಿನ ಫ್ಯಾನ್ ಹಾಕಿದಾಗ ಮೇಲೆ ಚೆನ್ನಾಗಿ ಒಣಗಿತು, ಬೆಡ್‌ಶೀಟ್ ಹಾಸಿದೆವು. ಮೂರು ವಾರ ಕಳೆದು ವಾಸನೆ ತಡೆಯಲಾರದೆ ಕವರಿನ ಜಿಪ್ ತೆಗೆದು ನೋಡಿದರೆ ಅಂಗೈಯಷ್ಟು ಅಗಲಕ್ಕೆ ಕಪ್ಪು ಬೂಸ್ಟು. ಅದು ಒಳಗಿನವರೆಗೂ ಇಳಿದಿತ್ತು. ಹಾಸಿಗೆಯನ್ನೇ ಬಿಸಾಡಬೇಕಾಯಿತು. ಹಾಗಾಗಿ ಮೊದಲೇ ಹೇಳುತ್ತೇನೆ, ಹಾಸಿಗೆಗೆ ನೀರು ಸುರಿಯಬೇಡಿ. ಒಳಗೆ ಹೋದ ನೀರು ನಮ್ಮ ಊರಿನ ಹವೆಯಲ್ಲಿ ಸುಲಭವಾಗಿ ಹೊರಗೆ ಬರುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ನಿಮ್ಮದು ಯಾವ ಹಾಸಿಗೆ ಅಂತ ನೋಡಿ. ಹತ್ತಿಯದ್ದೋ ಬೂರುಗದ್ದೋ ಆದರೆ ನೇರ ಬಿಸಿಲಿಗೆ ಹಾಕಬಹುದು. ನಾರಿನ ಹಾಸಿಗೆ ಹಾಗಲ್ಲ. ತೆಂಗಿನ ನಾರನ್ನು ರಬ್ಬರ್ ಹಾಲಿನಿಂದ ಅಂಟಿಸಿ ಅದನ್ನು ಮಾಡಿರುತ್ತಾರೆ. ಬಿಸಿಲಿಗೆ ಬಿದ್ದ ರಬ್ಬರ್ ಬ್ಯಾಂಡ್ ಗಟ್ಟಿಯಾಗಿ ತುಂಡಾಗುವುದನ್ನು ನೋಡಿದ್ದೀರಲ್ಲ, ಆ ರಬ್ಬರ್ ಹಾಲಿಗೂ ಹಾಗೇ ಆಗುತ್ತದೆ, ಆಮೇಲೆ ನಾರು ಪುಡಿಪುಡಿಯಾಗಿ ಉದುರುತ್ತದೆ. ಫೋಮ್ ಹಾಸಿಗೆಯನ್ನೂ ಸುಡುಬಿಸಿಲಿನಲ್ಲಿ ಇಡಬೇಡಿ. ಇವೆರಡಕ್ಕೆ ಗಾಳಿ ಆಡುವ ಜಗಲಿಯ ನೆರಳೇ ಸರಿ.

ಬೆಳಿಗ್ಗೆ ಬೇಗ ಶುರು ಮಾಡಿ. ಬೆಡ್‌ಶೀಟ್, ತಲೆದಿಂಬಿನ ಕವರ್ ಎಲ್ಲ ತೆಗೆದು ಬಿಸಿನೀರಿನಲ್ಲಿ ಒಗೆಯಿರಿ. ಬಟ್ಟೆ ತಡೆಯುವುದಾದರೆ ನೀರು 60 ಡಿಗ್ರಿಯಷ್ಟು ಬಿಸಿ ಇರಲಿ. ಧೂಳಿನ ನುಸಿ ಸಾಯುವುದು ಆ ಬಿಸಿಗೆ. ಈ ನುಸಿ ಕಣ್ಣಿಗೆ ಕಾಣುವುದಿಲ್ಲ, ಕಚ್ಚುವುದೂ ಇಲ್ಲ. ನಮ್ಮ ಮೈಯಿಂದ ಉದುರಿದ ಚರ್ಮದ ಪುಡಿ ತಿಂದು ಬದುಕುತ್ತದೆ. ಕೆಲವರಿಗೆ ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು ಬರುವುದು ಅದರ ಹಿಕ್ಕೆಯಿಂದ. ತೇವ ಇದ್ದಲ್ಲಿ ಅದು ಜಾಸ್ತಿ, ಒಣ ಹವೆಯಲ್ಲಿ ಬದುಕುವುದಿಲ್ಲ.

ನಂತರ ಧೂಳು. ಹತ್ತಿ ಹಾಸಿಗೆಯನ್ನು ಅಂಗಳಕ್ಕೆ ತಂದು ಕೋಲಿನಿಂದ ಹೊಡೆಯಿರಿ. ಮೂಗಿಗೆ ಒಂದು ಬೈರಾಸು (ಟವೆಲ್) ಕಟ್ಟಿಕೊಳ್ಳಿ, ಮಕ್ಕಳನ್ನು ದೂರ ಕಳಿಸಿ. ಉಳಿದ ಹಾಸಿಗೆಗಳಿಗೆ ವ್ಯಾಕ್ಯೂಮ್ ಕ್ಲೀನರ್ ಒಳ್ಳೆಯದು, ಇಲ್ಲದಿದ್ದರೆ ಮೃದುವಾದ ಬ್ರಷ್ ಸಾಕು. ಕಡ್ಡಿ ಹಿಡಿಸೂಡಿ ಬೇಡ, ಬಟ್ಟೆ ಹರಿಯುತ್ತದೆ. ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ನೋಡಿ. ಪೆನ್ನಿನ ಮೊನೆ ತಾಗಿಸಿದ ಹಾಗೆ ಕಪ್ಪು ಚುಕ್ಕೆಗಳ ಸಾಲು ಇದ್ದರೆ ಅದು ತಿಗಣೆ. ಸೋಡಾ, ಬಿಸಿಲು ಅಂತ ಕಾಯಬೇಡಿ, ಕೀಟ ನಿವಾರಣೆ ಮಾಡುವವರನ್ನೇ ಕರೆಸಿ.

ಈಗ ಕಲೆ. ಒದ್ದೆ ಆದದ್ದು ಆಗಷ್ಟೇ ಆಗಿದ್ದರೆ ಒಣ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲಿಟ್ಟು ಮೊಣಕಾಲೂರಿ ಒತ್ತಿ. ತಿಕ್ಕಬೇಡಿ, ತಿಕ್ಕಿದರೆ ಕಲೆ ಒಳಗೆ ಇಳಿಯುತ್ತದೆ. ಬೈರಾಸು ಬದಲಿಸುತ್ತಾ, ಅದು ಒಣದಾಗಿಯೇ ಹೊರಬರುವವರೆಗೆ ಒತ್ತಿ. ಆಮೇಲೆ ಬಿಳಿ ವಿನೆಗರಿಗೆ ಅಷ್ಟೇ ನೀರು ಸೇರಿಸಿ ಸ್ಪ್ರೇ ಬಾಟಲಿಯಿಂದ ತೆಳುವಾಗಿ ಹೊಡೆದು, ಐದು ಹತ್ತು ನಿಮಿಷ ಬಿಟ್ಟು, ಮತ್ತೆ ಒತ್ತಿ ತೆಗೆಯಿರಿ. ವಿನೆಗರಿನ ಜೊತೆ ಬ್ಲೀಚ್ ಮಾತ್ರ ಯಾವತ್ತೂ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ. ರಕ್ತದ ಕಲೆಗೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಒತ್ತಿ. ಬಿಸಿನೀರು ತಾಗಿದರೆ ಆ ಕಲೆ ಕೂತೇ ಬಿಡುತ್ತದೆ.

ಹಾಸಿಗೆಯ ಮೇಲೆ ಮಾತ್ರ ಸ್ವಲ್ಪ ಬೂಸ್ಟು ಬಂದಿದ್ದರೆ ಹೊರಗೆ ತಂದು, ಮಾಸ್ಕ್ ಹಾಕಿ, ಬ್ರಷ್‌ನಿಂದ ತೆಗೆಯಿರಿ. ನಂತರ ಮೆಡಿಕಲ್‌ನಲ್ಲಿ ಸಿಗುವ ಸ್ಪಿರಿಟ್ ಅನ್ನು ಬಟ್ಟೆಗೆ ಹಾಕಿ ಒರೆಸಿ, ಹತ್ತಿರದಲ್ಲಿ ಬೆಂಕಿ ಇರಬಾರದು. ಒಳಗೆ ಇಳಿದಿದ್ದರೆ ಆ ಹಾಸಿಗೆಯನ್ನು ಇಟ್ಟುಕೊಳ್ಳಬೇಡಿ, ಅದರಲ್ಲೂ ಮನೆಯಲ್ಲಿ ದಮ್ಮು ಇರುವವರು ಇದ್ದರೆ.

ವಾಸನೆಗೆ ಅಡುಗೆ ಸೋಡಾ. ಬಟ್ಟೆ ಒಗೆಯುವ ಸೋಡಾ ಅಲ್ಲ, ಅದು ಬೇರೆ. ಡಬಲ್ ಹಾಸಿಗೆಗೆ ಕಾಲು ಕಿಲೋ ಸಾಕು. ಜರಡಿಯಲ್ಲಿ ಹಾಕಿ ತೆಳುವಾಗಿ ಉದುರಿಸಿ, ನಾಲ್ಕೈದು ಗಂಟೆ ಬಿಟ್ಟು, ವ್ಯಾಕ್ಯೂಮ್‌ನಿಂದ ಎಳೆಯಿರಿ. ಆ ಮೆಷಿನ್ ಇಲ್ಲದ ಮನೆಯಲ್ಲಿ ನಾವು ಮಾಡುವ ಉಪಾಯ ಇದು: ಮೊದಲು ತೆಳು ಹಳೆ ಮುಂಡು (ಪಂಚೆ) ಹಾಸಿ, ಅದರ ಮೇಲೆ ಸೋಡಾ ಉದುರಿಸಿ, ಕೊನೆಗೆ ಮುಂಡಿನ ನಾಲ್ಕು ಮೂಲೆ ಹಿಡಿದು ಎತ್ತಿದರೆ ಆಯ್ತು. ಹಾಸಿಗೆ ಒದ್ದೆ ಇರುವಾಗ ಮಾತ್ರ ಸೋಡಾ ಹಾಕಬೇಡಿ, ಅಂಟಿನಂತೆ ಹಿಡಿದುಕೊಳ್ಳುತ್ತದೆ.

ಕೊನೆಯ ಕೆಲಸ ಒಣಗಿಸುವುದು, ಇದಕ್ಕೆ ಅವಸರ ಬೇಡ. ಅಂಗಳದಲ್ಲಿ ನೆಲಕ್ಕೆ ಮಲಗಿಸಬೇಡಿ. ಎರಡು ಬೆಂಚಿನ ಮೇಲೆ ಅಡ್ಡ ಇಡಿ, ಅಡಿಯಿಂದಲೂ ಗಾಳಿ ಹೋಗಲಿ. ಮಧ್ಯಾಹ್ನ ಮಗುಚಿ ಹಾಕಿ. ಜಗಲಿಯಲ್ಲಾದರೆ ಗೋಡೆಗೆ ಒರಗಿಸಿ, ಬದಿಯಿಂದ ಫ್ಯಾನ್ ಇಡಿ. ನಾಲ್ಕು ಗಂಟೆಗೆ ಮೊದಲೇ ಒಳಗೆ ತನ್ನಿ, ಸಂಜೆಯ ತಂಪು ಹಿಡಿದರೆ ಮಾಡಿದ್ದೆಲ್ಲ ವ್ಯರ್ಥ. ಕಲೆ ಇದ್ದ ಜಾಗವನ್ನು ಮುಂಗೈಯಿಂದ ಒತ್ತಿ ಹಿಡಿದು ನೋಡಿ, ಪಕ್ಕದ ಜಾಗಕ್ಕಿಂತ ತಣ್ಣಗಿದ್ದರೆ ಒಳಗೆ ಇನ್ನೂ ತೇವ ಇದೆ ಅಂತಲೇ. ಮರುದಿನ ಮತ್ತೆ ಇಡಿ.

ಮಂಚಕ್ಕೆ ಹಾಕುವಾಗ ತಲೆ ಭಾಗ ಕಾಲ ಕಡೆಗೆ ಬರಲಿ. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಪ್ಲೈವುಡ್ ಹಲಗೆಯ ಮಂಚವಾದರೆ ಮುಂದಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಾಸಿಗೆಯನ್ನು ಎಬ್ಬಿಸಿ ನಿಲ್ಲಿಸಿ, ಫ್ಯಾನ್ ಹಾಕಿ ಎರಡು ಗಂಟೆ ಬಿಡಿ. ಚಿಕ್ಕ ಮಕ್ಕಳಿದ್ದರೆ ನೀರು ಇಳಿಯದ ಕವರ್ ಒಂದನ್ನು ಮಳೆಗಾಲಕ್ಕೆ ಮೊದಲೇ ತಂದಿಡಿ.