ಕಿತ್ತ ಹಲ್ಲಿನ ಜಾಗಕ್ಕೆ ಏನು ಹಾಕಿಸುವುದು?

ಒಂದು ಚಕ್ಕುಲಿ ಬಾಯಿಗೆ ಹಾಕಿಕೊಳ್ಳಿ. ಅದು ತಾನಾಗಿಯೇ ಯಾವ ಕಡೆಗೆ ಹೋಯಿತು? ಯಾವಾಗಲೂ ಎಡಕ್ಕೇ ಹೋಗುತ್ತಿದ್ದರೆ ಬಲಗಡೆ ಏನೋ ಕೆಟ್ಟಿದೆ ಎಂದು ಅನುಮಾನಿಸಬಹುದು. ನನಗೆ ಇದು ಹೊಳೆಯಲು ನಾಲ್ಕು ವರ್ಷ ಹಿಡಿಯಿತು. ಬಲಗಡೆ ಕೆಳಗಿನ ದವಡೆ ಹಲ್ಲು ಕೀಳಿಸಿದ್ದೆ. ನಕ್ಕರೆ ಕಾಣುವುದಿಲ್ಲವಲ್ಲ ಎಂದು ಸುಮ್ಮನಿದ್ದೆ. ಹೋಗಿದ್ದು ಮುಂದಿನ ಹಲ್ಲಾಗಿದ್ದರೆ ಮರುದಿನವೇ ಓಡುತ್ತಿದ್ದೆ.

ಅಷ್ಟರಲ್ಲಿ ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲಿತ್ತು. ಮೇಲಿನ ಹಲ್ಲು, ಕೆಳಗೆ ಆಸರೆ ಇಲ್ಲದೆ, ಚೂರುಚೂರೇ ಇಳಿದಿತ್ತು. ವಾಲಿದ ಸಂದಿಯಲ್ಲಿ ಸೊಪ್ಪಿನ ನಾರು ಸಿಕ್ಕಿಕೊಂಡು ಪಕ್ಕದ ಹಲ್ಲೂ ಹುಳುಕು. ಬೇರು ಹೋದ ಕಡೆ ದವಡೆಯ ಮೂಳೆಯೂ ಸವೆಯುತ್ತದೆ, ಅದರಲ್ಲೂ ಮೊದಲ ವರ್ಷ ಜಾಸ್ತಿ. ಬೊಚ್ಚುಬಾಯಿಯವರ ಕೆನ್ನೆ ಒಳಸೇರಿ, ಗದ್ದ ಮೂಗಿನ ಹತ್ತಿರ ಬಂದಂತೆ ಕಾಣುವುದು ಹೀಗೆ ಹಲ್ಲು ಹೋಗಿ ಮೂಳೆಯೂ ಕರಗಿದ್ದರಿಂದ. ಮುಂದಿನ ಹಲ್ಲು ಹೋದರೆ ಮಾತಿಗೂ ತೊಂದರೆ: ‘ತ’, ‘ದ’ ಎನ್ನಲು ನಾಲಿಗೆಗೆ ತಾಗುವ ಜಾಗವೇ ಇರುವುದಿಲ್ಲ.

ಹಾಗಾಗಿ ಮೊದಲ ಹೆಜ್ಜೆ ಕೀಳಿಸುವ ಮುಂಚಿನದು. ರೂಟ್ ಕೆನಾಲ್ ಮಾಡಿ, ಅಂದರೆ ಹಲ್ಲಿನ ಒಳಗಿನ ಕೆಟ್ಟ ಭಾಗ ತೆಗೆದು ತುಂಬಿ, ಕ್ಯಾಪ್ ಹಾಕಿದರೆ ಹಲ್ಲು ಉಳಿಯುತ್ತದೆಯೇ ಎಂದು ಕೇಳಿ. ಮಕ್ಕಳ ವಿಷಯದಲ್ಲಂತೂ ಎಚ್ಚರ. ಸುಮಾರು 6ನೇ ವರ್ಷಕ್ಕೆ ಹಿಂದೆ ಮೂಡುವ ದವಡೆ ಹಲ್ಲು ಹಾಲುಹಲ್ಲಲ್ಲ, ಬಿದ್ದರೆ ಇನ್ನೊಂದು ಬರುವುದಿಲ್ಲ.

ಕೀಳಿಸಲೇಬೇಕಾದರೆ ಅದೇ ದಿನ ಮುಂದಿನ ಮಾತೂ ಆಡಿಬಿಡಿ. ‘ಯಾವುದು ಅಗ್ಗ’ ಎಂಬುದಕ್ಕಿಂತ ‘ಅಕ್ಕಪಕ್ಕದ ಹಲ್ಲು ಹೇಗಿವೆ, ಮೂಳೆ ಎಷ್ಟಿದೆ’ ಎಂದು ಮೊದಲು ಕೇಳಿ. ಎಕ್ಸ್‌ರೇ ನೋಡಿದರೆ ವೈದ್ಯರಿಗೆ ಅರ್ಧ ಉತ್ತರ ಸಿಗುತ್ತದೆ. ಮುಖ್ಯವಾಗಿ ಮೂರು ದಾರಿ: ಬ್ರಿಜ್, ಇಂಪ್ಲಾಂಟ್, ಸೆಟ್ಟು.

ಬ್ರಿಜ್ ಎಂದರೆ ಎರಡೂ ಪಕ್ಕದ ಹಲ್ಲುಗಳನ್ನು ಸುತ್ತಲೂ ಉಜ್ಜಿ ಸಣ್ಣದು ಮಾಡಿ, ಮೂರಕ್ಕೂ ಸೇರಿಸಿ ಕ್ಯಾಪ್ ಕೂರಿಸುವುದು. ಕೆಲವೇ ಭೇಟಿಗಳಲ್ಲಿ ಮುಗಿಯುತ್ತದೆ. ಆದರೆ ಒಂದು ಹಲ್ಲಿಗಾಗಿ ಎರಡು ಗಟ್ಟಿ ಹಲ್ಲು ಉಜ್ಜಿಸಲು ನನಗಂತೂ ಮನಸ್ಸು ಬರಲಿಲ್ಲ. ಅವಕ್ಕೆ ಹೇಗೂ ಕ್ಯಾಪ್ ಬೇಕಾಗಿದ್ದರೆ ಮಾತು ಬೇರೆ. ಬ್ರಿಜ್‌ನ ಅಡಿಯಲ್ಲಿ ದಿನವೂ ಸಣ್ಣ ಬ್ರಷ್ ಅಥವಾ ದಾರ ಆಡಿಸಬೇಕು.

ಇಂಪ್ಲಾಂಟ್ ಪಕ್ಕದವರ ತಂಟೆಗೆ ಹೋಗುವುದಿಲ್ಲ. ಟೈಟಾನಿಯಂ ಸ್ಕ್ರೂ ಒಂದನ್ನು ಮೂಳೆಯೊಳಗೆ ಕೂರಿಸುತ್ತಾರೆ, ಮೂಳೆ ಅದನ್ನು ಹಿಡಿದುಕೊಳ್ಳುತ್ತದೆ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇದನ್ನು ಹಾಕಿದರು. ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು, ಆಮೇಲೆ ಹಲ್ಲು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಬೀಡಿ ಸಿಗರೇಟು ಬಿಡದಿದ್ದರೆ ಸೋಲುವ ಸಂಭವ ಹೆಚ್ಚು. ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿಬಿಡಿ. ಹುಳುಕು ಹಿಡಿಯುವುದಿಲ್ಲವೆಂದು ಉಜ್ಜದೆ ಬಿಟ್ಟರೆ ಸುತ್ತಲ ವಸಡು ಕೀವಾಗಬಹುದು. ನಾನು ಹಾಕಿಸಿದ್ದು ಇದನ್ನೇ. ತಡಮಾಡಿದ್ದಕ್ಕೆ, ಇಳಿದುಬಂದಿದ್ದ ಮೇಲಿನ ಹಲ್ಲನ್ನೂ ಉಜ್ಜಿಸಿ ಗಿಡ್ಡ ಮಾಡಿಸಬೇಕಾಯಿತು.

ತುಂಬಾ ಹಲ್ಲು ಹೋದವರಿಗೆ, ಖರ್ಚು ಕಡಿಮೆ ಇರಬೇಕೆನ್ನುವವರಿಗೆ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್ಟೇ ಗತಿ. ನಮ್ಮ ದೊಡ್ಡಮ್ಮ ಸೆಟ್ಟು ಬಂದ ಎರಡನೇ ದಿನ ‘ಬಾಯಲ್ಲಿ ಕಲ್ಲಿಟ್ಟ ಹಾಗಿದೆ’ ಎಂದು ಬಿಚ್ಚಿಟ್ಟು, ಮತ್ತೆ ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟತೊಡಗಿದರು. ಜೊಲ್ಲು ಹೆಚ್ಚುವುದು, ಮಾತು ತೊದಲುವುದು ಮೊದಮೊದಲು ಇದ್ದದ್ದೇ. ಮೆತ್ತಗಿನ ಅನ್ನದಿಂದ ಶುರುಮಾಡಿ, ಸಣ್ಣ ತುತ್ತನ್ನು ಎರಡೂ ಕಡೆ ಹಂಚಿ ಅಗಿಯಬೇಕು. ಪೇಪರನ್ನು ಗಟ್ಟಿಯಾಗಿ ಓದಿದರೆ ನಾಲಿಗೆ ಬೇಗ ಪಳಗುತ್ತದೆ. ಚುಚ್ಚಿದರೆ ಮನೆಯಲ್ಲೇ ಕೆರೆಯಬೇಡಿ. ವೈದ್ಯರ ಹತ್ತಿರ ಹೋಗುವ ಮುಂಚೆ ಕೆಲವು ಗಂಟೆ ಹಾಕಿಕೊಂಡಿರಿ, ಎಲ್ಲಿ ಒತ್ತುತ್ತಿದೆ ಎಂಬ ಕೆಂಪು ಗುರುತು ಅವರಿಗೆ ಕಾಣಬೇಕು.

ರಾತ್ರಿ ತೆಗೆದು ತಣ್ಣೀರಿನಲ್ಲಿಡಿ, ಬಿಸಿನೀರಿಗೆ ಸೆಟ್ಟು ಸೊಟ್ಟಗಾಗುತ್ತದೆ. ಪೇಸ್ಟ್ ಗೀರುತ್ತದೆ, ಸೋಪು ಸಾಕು. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇರಲಿ, ಕೈಜಾರಿದರೂ ಒಡೆಯುವುದಿಲ್ಲ.

ಬಿಪಿಎಲ್ ಕುಟುಂಬದ ಬೊಚ್ಚುಬಾಯಿ ಹಿರಿಯರಿಗೆ ಉಚಿತವಾಗಿ ಪೂರ್ತಿ ಸೆಟ್ಟು ಕೊಡಲೆಂದೇ ಕರ್ನಾಟಕ ಸರ್ಕಾರ ‘ದಂತ ಭಾಗ್ಯ’ ಯೋಜನೆ ತಂದಿತ್ತು. ಈಗಿನ ನಿಯಮವನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಹೋಗುವಾಗ ಬಿಪಿಎಲ್ ಕಾರ್ಡಿನ ಜೊತೆ ಹಿರಿಯರು ನುಂಗುತ್ತಿರುವ ಮಾತ್ರೆಗಳ ಚೀಟಿಯೂ ಇರಲಿ.