ಬರೋಕ್ ಅಲಂಕಾರ ಮುದ್ರಣಗಳಲ್ಲಿ ಪ್ರಾಣಿ ಯಾರದೆಂದು ಗುರುತಿಸುವ ಬಗೆ

ಬರೋಕ್ ಎಂಬ ಆಡಂಬರದ ಕಲಾಶೈಲಿ ಮೆರೆದ 17ನೇ ಶತಮಾನದ ಯುರೋಪಿನಲ್ಲಿ ತಾಮ್ರದ ತಗಡನ್ನು ಉಳಿಯಿಂದ ಕೊರೆದು ಇಲ್ಲವೇ ಆಮ್ಲದಿಂದ ಕೆತ್ತಿ ಅಚ್ಚು ಹಾಕಿದ ಅಲಂಕಾರ ಚಿತ್ರಗಳಲ್ಲಿ ಸಿಂಹ, ಹದ್ದು, ಹಾವುಗಳಿಗೆ ಬರವಿಲ್ಲ. ಸಿಂಹ ಕಂಡ ಕೂಡಲೇ ‘ಶೌರ್ಯ’ ಎಂದು ಬರೆದುಕೊಳ್ಳಬೇಡಿ; ಅದು ಯಾರದೋ ಲಾಂಛನವಿರಬಹುದು, ಬರೀ ಅಲಂಕಾರವೂ ಇರಬಹುದು.

ಮೊದಲು ನಡುವಿನ ಗುರಾಣಿ, ಅಂದರೆ ಲಾಂಛನ ಬಿಡಿಸುವ ಗುರಾಣಿಯಾಕಾರದ ಚೌಕಟ್ಟು, ನೋಡಿ. ಅದು ಖಾಲಿ ಇದ್ದರೆ ಆ ಹಾಳೆ ಬಹುಮಟ್ಟಿಗೆ ಅಕ್ಕಸಾಲಿಗರು, ಬಡಗಿಗಳಿಗೆಂದು ಮಾರಿದ ಮಾದರಿ; ಲಾಂಛನ ಗಿರಾಕಿಯದು, ಆಮೇಲೆ ತುಂಬುವಂಥದ್ದು. ಇಟಲಿಯ ಮುದ್ರಣ ಕಲಾವಿದ ಸ್ಟೆಫಾನೊ ಡೆಲ್ಲಾ ಬೆಲ್ಲಾನ (1610–1664) ಉದ್ದನೆಯ ಅಲಂಕಾರ ಪಟ್ಟಿಗಳಲ್ಲಿ ಎಲೆಬಳ್ಳಿಯ ಸುರುಳಿಗಳಲ್ಲಿ ಸುಳಿದಾಡುವ ಪ್ರಾಣಿಗಳಿಗೆ ಒಡೆಯನನ್ನು ಹುಡುಕಹೋಗಬೇಡಿ.

ಗುರಾಣಿ ತುಂಬಿದ್ದರೆ ಎಣಿಸಿ. ಮೂರು ಜೇನುನೊಣ ಎಂದರೆ ಇಟಲಿಯ ಬಾರ್ಬೆರಿನಿ ಮನೆತನ. ಮೇಲೆ ಪೋಪರ ಮೂರು ಹಂತದ ಕಿರೀಟವೂ ಇದ್ದರೆ ಆ ಮನೆತನದ ಪೋಪ್ 8ನೇ ಅರ್ಬನ್ (ಅಧಿಕಾರಾವಧಿ 1623–1644). ಸಿಂಹದ ಪಂಜದಲ್ಲಿ ಏಳು ಬಾಣಗಳ ಕಟ್ಟಿದ್ದರೆ ಡಚ್ ಗಣರಾಜ್ಯದ ಏಳು ಪ್ರಾಂತ್ಯಗಳು. ಡಾಲ್ಫಿನ್ ಹೆಚ್ಚು ಮೋಸ ಮಾಡುತ್ತದೆ: ಚಿಪ್ಪು, ನೀರಿನ ಜೊತೆಗಿದ್ದರೆ ಬರೀ ಕಾರಂಜಿಯ ಅಲಂಕಾರ, ಕಿರೀಟ ಮತ್ತು ಫ್ರೆಂಚ್ ಲಿಲ್ಲಿ ಹೂವಿನ ಜೊತೆಗಿದ್ದರೆ ಫ್ರಾನ್ಸಿನ ಯುವರಾಜ.

ಫ್ರಾನ್ಸಿನ ದೊರೆ 14ನೇ ಲೂಯಿಯ ಆಸ್ಥಾನದಲ್ಲಂತೂ ಪುಟ್ಟ ಪ್ರಾಣಿಗಳೇ ದೊಡ್ಡ ಸುಳಿವು. ಅಳಿಲು ಹಣಕಾಸು ಮಂತ್ರಿ ನಿಕೊಲಾ ಫೂಕೆಯದು. ಆತ 1661ರಲ್ಲಿ ಸೆರೆಯಾದ. ಹಾಗಾಗಿ ಅಳಿಲಿಗೆ ಗೌರವದ ಜಾಗ ಕೊಟ್ಟ ಹಾಳೆ ಅದಕ್ಕೂ ಹಿಂದಿನದೇ ಎಂದು ಮೊದಲು ಪರೀಕ್ಷಿಸಿ. ನೆಟ್ಟಗೆ ನಿಂತು ಬಳುಕಿದ ಒಂಟಿ ಹಾವು ಇನ್ನೊಬ್ಬ ಮಂತ್ರಿ ಕೊಲ್ಬೇರ್‌ನದು. ಕೋಲಿಗೆ ಸುತ್ತಿದ ಜೋಡಿ ಹಾವು ರೋಮನ್ನರ ಮರ್ಕ್ಯುರಿ ದೇವತೆಯದು, ಅದನ್ನು ಕೊಲ್ಬೇರ್ ತಲೆಗೆ ಕಟ್ಟಬೇಡಿ. ಮೂರು ಹಲ್ಲಿ ಎಂದರೆ ಮಂತ್ರಿಗಳನ್ನು ಕೊಟ್ಟ ‘ಲ ತೆಲ್ಲಿಯೇ’ ಮನೆತನ.

ಎರಡು ತಲೆಯ ಹದ್ದು ಕಂಡರೆ ನಮಗೆ ತಟ್ಟನೆ ಗಂಡಭೇರುಂಡ ನೆನಪಾಗುತ್ತದೆ. ಆ ಅರ್ಥವನ್ನು ಇಲ್ಲಿಗೆ ತರಬಾರದು. ಇದು ಮಧ್ಯ ಯುರೋಪಿನ ಪವಿತ್ರ ರೋಮನ್ ಸಾಮ್ರಾಟನ ಲಾಂಛನ: ಉಗುರುಗಳಲ್ಲಿ ಕತ್ತಿ, ರಾಜದಂಡ, ಎದೆಯ ಮೇಲೆ ಗುರಾಣಿ, ಹಲವು ಬಾರಿ ಸುತ್ತಲೂ ಟಗರಿನ ತೊಗಲು ತೂಗುವ ಹಾರ.

ಕೊನೆಗೆ ದಿಕ್ಕು. ತಗಡಿನಲ್ಲಿ ಕೊರೆದದ್ದು ಕಾಗದದಲ್ಲಿ ತಿರುಗುಮುರುಗಾಗಿ ಬರುತ್ತದೆ. ಅಚ್ಚಾದ ಹಾಳೆಯನ್ನೇ ನೋಡಿ ನಕಲು ಕೊರೆದವನ ಪ್ರತಿಯಲ್ಲಿ ಎಲ್ಲವೂ ಕನ್ನಡಿಯಂತೆ ಅದಲುಬದಲು. ಗುರಾಣಿಯೊಳಗಿನ ಪ್ರಾಣಿ ಸಾಮಾನ್ಯವಾಗಿ ನೋಡುವವರ ಎಡಕ್ಕೆ ಮುಖ ಮಾಡಿರುತ್ತದೆ. ಬಲಕ್ಕೆ ತಿರುಗಿ, ಸುತ್ತಲಿನ ಯೋಧರೂ ಎಡಗೈಯಲ್ಲಿ ಕತ್ತಿ ಹಿಡಿದಿದ್ದರೆ ನಕಲೆಂದು ಶಂಕಿಸಿ. ಗುರಾಣಿಯ ಇಕ್ಕೆಲ ಕಾಯುವ ಜೋಡಿಗೆ ಈ ನಿಯಮವಿಲ್ಲ. ಹಾಳೆಯ ಕೆಳಗಿನ ಲ್ಯಾಟಿನ್ ಬರಹವನ್ನೂ ಓದಿ, ಹೆಸರಿನ ಜೊತೆಗಿನ ಪದ ಆತ ಯಾರೆಂದು ಹೇಳುತ್ತದೆ: ‘ಇನ್ವೆನಿಟ್’ ವಿನ್ಯಾಸಕಾರ, ‘ಸ್ಕಲ್ಪ್ಸಿಟ್’ ಕೊರೆದವನು, ‘ಎಕ್ಸ್‌ಕುಡಿಟ್’ ಪ್ರಕಾಶಕ. ನಕಲಿನಲ್ಲಿ ಅಕ್ಷರ ನೆಟ್ಟಗಿರುತ್ತದೆ, ಚಿತ್ರವಷ್ಟೇ ತಿರುಗಿರುತ್ತದೆ.